ಹಾಸಿಗಿ, ಅಂತರಿಕ್ಷ ಮತ್ತ ಮುಪ್ಪು

ಮನ್ಯಾಗ ಹಿರೇರು ನಾಕು ದಿನ ಜ್ವರ ಬಂದು ಮಲಗಿದ್ರ ಸಾಕು, ನೋಡಾಕ ಬಂದವರೆಲ್ಲಾ ಹೇಳೋದು ಒಂದ ಮಾತು: "ಏಳಬ್ಯಾಡ್ರಿ ಅತ್ತೀ, ಆರಾಮ ಮಲ್ಕೋರಿ." ಈ ಆರಾಮ ದೇಹಕ್ಕ ಏನು ಮಾಡ್ತದ ಅಂತ ತಿಳಿಸಿಕೊಡೋದ್ರಾಗ ಅಂತರಿಕ್ಷಕ್ಕ ಹೋಗಿಬಂದವರ ಪಾಲೂ ದೊಡ್ಡದದ.

ಭೂಮಿ ಮ್ಯಾಲೆ ನಿಂತಾಗೆಲ್ಲಾ ನಮ್ಮ ಭಾರ ನಮ್ಮ ಎಲುಬಿನ ಮ್ಯಾಲೆ ಬೀಳ್ತದ. ಎಲುಬು ಗಟ್ಟಿ ಇರಬೇಕಂದ್ರ ಆ ಭಾರ ಬೇಕು. ಅಂತರಿಕ್ಷದಾಗ ಮನಷ್ಯಾ ತೇಲ್ತಾನ, ಭಾರದ ಸುದ್ದೀನ ಇಲ್ಲ. ಕಾಲಿನ ರಕ್ತ ಮ್ಯಾಲೇರಿ ಮಾರಿ ಬಾತಂಗ ಆಗ್ತದ. ನೀರು ಹೆಚ್ಚಾತು ಅಂತ ತಿಳಕೊಂಡು ದೇಹ ರಕ್ತದಾಗಿನ ನೀರು ಕಮ್ಮಿ ಮಾಡ್ತದ. ಕಾಲಿನ ಸ್ನಾಯು ಸೊರಗ್ತಾವ, ಕ್ಯಾಲ್ಸಿಯಂ ಮೂತ್ರದಾಗ ಹೋಗ್ತದ, ಟೊಂಕದ ಕಡೆ ಎಲುಬು ತಿಂಗಳಿಗೆ ಶೇಕಡಾ 1ರಿಂದ 1.5ರಷ್ಟು ಸವೀತದ. ವಾಪಸ್ ಬಂದು ಎದ್ದು ನಿಂತ್ರ ತಲಿ ತಿರುಗತದ. ಇದೆಲ್ಲಾ ನಮ್ಮ ಎಂಬತ್ತರ ಅಜ್ಜಿಯರ ಪಾಡಿನಂಗ ಇಲ್ಲೇನು? ಆದ್ರ ಇವರು ಅಳದು ತೂಗಿ ಆರಿಸಿದ ಗಟ್ಟಿ ಮಂದಿ!

ಈ ಹೋಲಿಕೀನ ಬೆನ್ನುಹತ್ತಿದಾಕಿ ಜೋನ್ ವರ್ನಿಕೋಸ್. ಔಷಧಶಾಸ್ತ್ರ ಓದಿ ಅಮೆರಿಕದ ನಾಸಾ ಸೇರಿದ ಈ ಹೆಣಮಗಳು 1993ರಿಂದ 2000ದ ತನಕ ಅಲ್ಲಿಯ ಜೀವವಿಜ್ಞಾನ ವಿಭಾಗದ ಮುಖ್ಯಸ್ಥರಾಗಿದ್ದರು. ಎಲ್ಲಾರನ್ನೂ ಮ್ಯಾಲೆ ಕಳಸಾಕ ಆಗೂದಿಲ್ಲಲ್ಲಾ, ಅದಕ್ಕ ಭೂಮಿ ಮ್ಯಾಲೇನ ಒಂದು ಉಪಾಯ ಇತ್ತು. ಆರೋಗ್ಯವಂತರನ್ನ ಹಾಸಿಗಿ ಮ್ಯಾಲೆ ಮಲಗಸೋದು, ತಲಿ ಕಡೆ 6 ಡಿಗ್ರಿ ಕೆಳಗ ಇಳಸೋದು, ಊಟ ಸ್ನಾನ ಎಲ್ಲಾ ಮಲಗೇ ಮಾಡಸೋದು. ಅಂತರಿಕ್ಷದಾಗ ಆಗೋ ಭಾಳಷ್ಟು ಬದಲಾವಣೆ ಇಲ್ಲೇ ಕಾಣಸ್ತಾವ.

1996ರಾಗ ಅವರ ತಂಡ ಪ್ರಕಟಿಸಿದ ಒಂದು ಪ್ರಯೋಗ ನನಗ ಭಾಳ ಸೇರತು. ಮಲಗಿಸಿದ ಗಂಡಸರನ್ನ ನಡುನಡುವ 15 ನಿಮಿಷ ಎಬ್ಬಿಸಿ, ಒಮ್ಮೆ ಬರೇ ನಿಂದ್ರಿಸಿದರು, ಒಮ್ಮೆ ನಡಸಿದರು. ದಿನಕ್ಕ ಒಟ್ಟು 2 ತಾಸು ಇಲ್ಲಾ 4 ತಾಸು. 4 ತಾಸು ಸುಮ್ಮನ ನಿಂತಾಗ, ಕಡೀಕ ಹಾಸಿಗಿ ಬಿಟ್ಟು ಏಳೋ ಹೊತ್ತಿನ್ಯಾಗ ಬರೋ ಆ ತಲಿ ತಿರುಗೋದು ಪೂರಾ ತಪ್ಪಿತು. ಕ್ಯಾಲ್ಸಿಯಂ ಸೋರೋದನ್ನ ಕಮ್ಮಿ ಮಾಡಿದ್ದು ಮಾತ್ರ ನಡಗಿ. ಒಲಿ ಮುಂದ ನಿಂತು, ಹಿತ್ತಲಕ್ಕ ಹೋಗಿಬಂದು ನಾವು ಕಳಿಯೋ ತಾಸು ಲೆಕ್ಕ ಹಾಕಿ ನೋಡ್ರೆವಾ. ನಮ್ಮ ಕೆಲಸಕ್ಕ ಪಗಾರ ಇಲ್ಲ ಖರೆ, ಆದ್ರ ಎಲುಬಿನ ಖಾತೆದಾಗ ಜಮಾ ಆಗ್ತಿರತದ.

ಮುಂದ 1998. ಜಾನ್ ಗ್ಲೆನ್ 1962ರಾಗ ಭೂಮಿ ಸುತ್ತಿದ ಮೊದಲನೇ ಅಮೆರಿಕನ್. ಆಮ್ಯಾಲೆ ಸೆನೆಟರ್ ಆಗಿದ್ದ. ಮುಪ್ಪಿನ ಬಗ್ಗೆ ತಾನ ಓದಿಕೊಂಡು, "ಒಬ್ಬ ಮುದುಕನ್ನ ಕಳಿಸಿ ನೋಡ್ರಿ" ಅಂತ ನಾಸಾದ ಬೆನ್ನು ಬಿದ್ದ. ದೇಹದ ಪರೀಕ್ಷಾ ಪಾಸಾಗಬೇಕು, ಪ್ರಯೋಗದಾಗ ಅರ್ಥ ಇರಬೇಕು ಅಂತ ಶರತ್ತು ಹಾಕಿ ಒಪ್ಪಿದರು. ಅಕ್ಟೋಬರ್ 29ಕ್ಕ, 77ನೇ ವಯಸ್ಸಿನ್ಯಾಗ, ಡಿಸ್ಕವರಿ ನೌಕಾದಾಗ ಹೋದ. ಸುಮಾರು 9 ದಿನ ನಿದ್ದಿ, ಸ್ನಾಯು, ತೋಲ ಎಲ್ಲಾದರದೂ ಅಳತಿ ಆತು. ಜೊತಿಗಿದ್ದ ಜಪಾನಿನ ಡಾಕ್ಟರ್ ಚಿಯಾಕಿ ಮುಕಾಯ್ ಕೂಡ ಪ್ರಯೋಗದಾಗ ಪಾಲ್ಗೊಂಡಿದ್ದರು. ಇದು ವಿಜ್ಞಾನ ಅಲ್ಲ, ಪ್ರಚಾರ ಅಂತ ಬೈದವರೂ ಇದ್ದರು. ಒಬ್ಬನ್ನ ನೋಡಿ ಮುದುಕರೆಲ್ಲಾರ ಲೆಕ್ಕ ಹೇಳಾಕ ಬರೂದಿಲ್ಲ ಅನ್ನೋ ಅವರ ಮಾತು ನನಗೂ ಒಪ್ಪಿಗಿ. ಆದರೂ ಆ ವಯಸ್ಸಿನವರು ಹೋಗಿಬರಬಹುದು ಅನ್ನೋದಂತೂ ಗೊತ್ತಾತಲ್ಲ. ಗ್ಲೆನ್ ಆಮ್ಯಾಲೆ 95ರ ತನಕ ಬದುಕಿದ.

ನನಗ ಎಲ್ಲಾಕ್ಕಿಂತ ಹೆಚ್ಚು ಅಂಜಿಕಿ ಹುಟ್ಟಿಸಿದ್ದು ಅಮೆರಿಕದ ಡಲ್ಲಾಸ್‌ದಾಗ 1966ರಾಗ ಆದ ಪ್ರಯೋಗ. 20 ವರ್ಷದ 5 ಹುಡುಗರನ್ನ 3 ವಾರ ಹಾಸಿಗಿ ಹಿಡಿಸಿದ್ದರು. 30 ವರ್ಷ ಆದಮ್ಯಾಲೆ ಅದ ಐವರನ್ನ ಮತ್ತ ಕರಸಿ ನೋಡಿದರ, ಆ 3 ವಾರದಾಗ ಅವರ ದುಡಿಯೋ ತಾಕತ್ತು ಎಷ್ಟು ಇಳದಿತ್ತೋ, 30 ವರ್ಷದ ವಯಸ್ಸು ಅಷ್ಟು ಇಳಿಸಿರಲಿಲ್ಲ! ಈ ಸಲ ಅವರನ್ನ ಮಲಗಿಸಲಿಲ್ಲ. 6 ತಿಂಗಳು ನಡಿಯೋದು, ಓಡೋದು, ಸೈಕಲ್ ತುಳಿಯೋದು ಮಾಡಿಸಿದರು. ಐವತ್ತು ದಾಟಿದ, ಹೊಟ್ಟಿ ಬಂದ ಆ ಗಂಡಸರಿಗೆ ವಯಸ್ಸಿನಿಂದ ಹೋಗಿದ್ದ ದಮ್ಮು ಹೆಚ್ಚುಕಮ್ಮಿ ಪೂರಾ ತಿರುಗಿ ಬಂತು.