ಪರೀಕ್ಷೆಗೆ ‘ಮೋರೋವರ್’ ಬಂದ ಕಥೆ

1/6
ಇಂಗ್ಲಿಷ್ ಪ್ರಬಂಧ ಅಂದ ತಕ್ಷಣ ನಮ್ಮಲ್ಲಿ ಎಷ್ಟೋ ಜನ ಮೊದಲು ಬಾಯಿಪಾಠ ಮಾಡೋದು ಒಂದು ಪಟ್ಟಿಯನ್ನ. ಫಸ್ಟ್ಲಿ, ಮೋರೋವರ್, ಹೌಎವರ್, ದೇರ್‌ಫೋರ್, ಇನ್ ಕನ್‌ಕ್ಲೂಷನ್. ಪ್ಯಾರಾಗೆ ಒಂದೊಂದು ಹಾಕಿದ್ರೆ ಮಾರ್ಕ್ಸ್ ಗ್ಯಾರಂಟಿ ಅನ್ನೋ ನಂಬಿಕೆ. ಈ ಜೋಡಣೆ ಪದಗಳು ಪರೀಕ್ಷೆಯೊಳಗೆ ಹೇಗೆ ಬಂದವು? ಜಾಸ್ತಿ ಸುರಿದರೆ ಮಾರ್ಕ್ಸ್ ಯಾಕೆ ಹೋಗುತ್ತೆ? ಇವತ್ತು ಅದೇ ವಿಷಯ 👇

2/6
ಮೊದಲು ಪದಗಳ ಹುಟ್ಟು. ‘ಬಿಕಾಸ್’ ಒಂದು ಕಾಲದಲ್ಲಿ ಎರಡು ಪದ: ‘ಬೈ’ ಮತ್ತು ‘ಕಾಸ್’. ಅಂದ್ರೆ ‘ಕಾರಣದಿಂದ’. ‘ದೇರ್‌ಫೋರ್’ ಅಂದ್ರೆ ‘ಅದಕ್ಕಾಗಿ’. ಅದರೊಳಗಿನ ‘ದೇರ್’ ಹಿಂದಿನ ಮಾತಿನ ಕಡೆ ಬೆರಳು ತೋರಿಸುತ್ತೆ. ‘ನೆವರ್‌ದಲೆಸ್’ ಮೂರು ಪದ ಒಟ್ಟಿಗೆ ಅಂಟಿಕೊಂಡಿದ್ದು: ಹಿಂದಿನ ಮಾತು ನಿಜ ಇರಬಹುದು, ಆದ್ರೆ ಮುಂದಿನ ಮಾತಿನ ತೂಕ ಅದರಿಂದ ಕಡಿಮೆಯಾಗಲ್ಲ ಅಂತ. ಅಂದರೆ ಎರಡು ಯೋಚನೆಗಳ ಸಂಬಂಧ ಹೇಳೋದೇ ಇವುಗಳ ಕೆಲಸ. ಅಲಂಕಾರಕ್ಕೆ ಹುಟ್ಟಿದ್ದಲ್ಲ.

3/6
ಈಗ ಪರೀಕ್ಷೆಗೆ ಬರೋಣ. 1913ರಲ್ಲಿ ಕೇಂಬ್ರಿಡ್ಜ್ ವಿದೇಶಿಯರಿಗಾಗಿ ‘ಪ್ರೊಫಿಷಿಯೆನ್ಸಿ’ ಅನ್ನೋ ಇಂಗ್ಲಿಷ್ ಪರೀಕ್ಷೆ ಶುರು ಮಾಡಿತು. ಒಟ್ಟು 12 ಗಂಟೆ! ಅದರಲ್ಲಿ ಪ್ರಬಂಧಕ್ಕೇ 2 ಗಂಟೆ. ಕೊಟ್ಟ ವಿಷಯಗಳಲ್ಲಿ ಒಂದು, ಭಾರತದ 1857ರ ದಂಗೆ. ಬರೆದವರು 3 ಜನ, ಪಾಸಾದವರು ಸೊನ್ನೆ 😶 ಆಗ ಪ್ರಬಂಧ ಅಂದ್ರೆ ವಿಷಯ ಗೊತ್ತಿರಬೇಕು, ಅದನ್ನ ವಾದವಾಗಿ ಕಟ್ಟೋಕೂ ಬರಬೇಕು.

4/6
1976ರಲ್ಲಿ ‘ಕೊಹೀಷನ್ ಇನ್ ಇಂಗ್ಲಿಷ್’ ಪುಸ್ತಕ ಬಂತು. ಬರೆದವರು ಎಂ.ಎ.ಕೆ. ಹ್ಯಾಲಿಡೇ ಮತ್ತು ರುಕೈಯಾ ಹಸನ್. ಹಸನ್ ಹುಟ್ಟಿದ್ದು ನಮ್ಮ ದೇಶದ ಪ್ರತಾಪಗಢದಲ್ಲಿ. ವಾಕ್ಯಗಳು ಒಂದಕ್ಕೊಂದು ಹೇಗೆ ಅಂಟಿಕೊಳ್ತವೆ ಅನ್ನೋದಕ್ಕೆ ಅವರು 5 ದಾರಿ ಗುರುತಿಸಿದ್ರು: ‘ಅದು, ಇವರು’ ಥರ ಹಿಂದಕ್ಕೆ ತೋರಿಸೋದು, ಒಂದು ಪದದ ಬದಲು ಇನ್ನೊಂದು ಇಡೋದು, ಗೊತ್ತಿರೋದನ್ನ ಬಿಟ್ಟುಬಿಡೋದು, ಜೋಡಣೆ ಪದಗಳು, ಮತ್ತು ಸಂಬಂಧಪಟ್ಟ ಪದಗಳೇ ಮತ್ತೆ ಮತ್ತೆ ಬರೋದು. ಗಮನಿಸಿ, ನಾವು ಬಾಯಿಪಾಠ ಮಾಡೋ ಪಟ್ಟಿ ಈ ಐದರಲ್ಲಿ ಒಂದು ಮಾತ್ರ. 1982ರಲ್ಲಿ ಪೆಟ್ರೀಷಿಯಾ ಕ್ಯಾರೆಲ್ ಇನ್ನೂ ಮುಂದೆ ಹೋಗಿ, ವಾಕ್ಯ ಅಂಟಿಕೊಂಡ ಮಾತ್ರಕ್ಕೆ ಬರಹಕ್ಕೆ ಅರ್ಥ ಬರಲ್ಲ ಅಂತ ವಾದಿಸಿದ್ರು.

5/6
1989ರಲ್ಲಿ ಐಇಎಲ್‌ಟಿಎಸ್ ಬಂತು. ಇವತ್ತು ಅದರ ಪ್ರಬಂಧಕ್ಕೆ 40 ನಿಮಿಷ, ಕನಿಷ್ಠ 250 ಪದ. ಅಂಕದ ಕಾಲು ಭಾಗ ವಿಚಾರದ ಓಟ ಮತ್ತು ಜೋಡಣೆಗೆ. ಇಲ್ಲೇ ಪಟ್ಟಿಯ ವ್ಯಾಮೋಹ ಜೋರಾಗೋದು. ಆದ್ರೆ ಅವರದೇ ಅಳತೆಗೋಲು ಏನು ಹೇಳುತ್ತೆ ನೋಡಿ: ಜೋಡಣೆ ಪದ ಅತಿಯಾದರೆ ಬ್ಯಾಂಡ್ 5ರ ಲಕ್ಷಣ, ಯಾಂತ್ರಿಕವಾಗಿದ್ದರೆ 6ರದ್ದು. 9 ಬರಬೇಕಾದರೆ ಜೋಡಣೆ ಕಣ್ಣಿಗೆ ಬೀಳೋದೇ ತೀರಾ ಅಪರೂಪ ಆಗಿರಬೇಕು!

6/6
ಒಂದು ಉದಾಹರಣೆ. ‘ಊರಿಗೆ ಬಸ್ ಕಡಿಮೆ. ಮೋರೋವರ್, ಜನ ಬೈಕ್ ಕೊಳ್ತಾರೆ.’ ಇಲ್ಲಿ ಇರೋದು ಕಾರಣ-ಪರಿಣಾಮ, ಹಾಕಿರೋದು ‘ಅಲ್ಲದೆ’ ಅನ್ನೋ ಪದ. ‘ಈ ಕೊರತೆಯಿಂದ ಜನ ಬೈಕ್ ಕೊಳ್ತಾರೆ’ ಅಂದ್ರೆ ಪಟ್ಟಿಯ ಪದ ಬೇಕೇ ಇಲ್ಲ. ‘ಈ ಕೊರತೆ’ಯೇ ಕೊಂಡಿ.

ಇನ್ನೊಂದು, ನಮ್ಮ ಭಾಷೆಯಿಂದಲೇ. ‘ಮಳೆ ಬಂದರೂ ಆಟ ನಿಲ್ಲಲಿಲ್ಲ’ ಅಂತೀವಿ. ‘ಮಳೆ ಬಂದರೂ, ಆದರೆ ಆಟ ನಿಲ್ಲಲಿಲ್ಲ’ ಅಂತ ಯಾರೂ ಅನ್ನಲ್ಲ. ಇಂಗ್ಲಿಷಲ್ಲೂ ಅಷ್ಟೇ: ‘ಆಲ್‌ದೋ’ ಹಾಕಿದ ಮೇಲೆ ‘ಬಟ್’ ಬೇಡ.

ಮುಂದಿನ ಸಲ ಪ್ರಬಂಧ ಬರೆದ ಮೇಲೆ ಜೋಡಣೆ ಪದಗಳನ್ನೆಲ್ಲ ಪೆನ್ಸಿಲಲ್ಲಿ ಹೊಡೆದುಹಾಕಿ ಓದಿ ನೋಡಿ. ಎಲ್ಲಿ ದಾರಿ ತಪ್ಪುತ್ತೋ ಅಲ್ಲಿ ಮಾತ್ರ ಒಂದನ್ನ ವಾಪಸ್ ಇಡಿ. ಎಲ್ಲಾ ಕಡೆ ತಪ್ಪಿದ್ರೆ ಪದ ಅಲ್ಲ, ಪ್ಯಾರಾಗಳ ಕ್ರಮ ಬದಲಾಯಿಸಬೇಕು.

ಪರೀಕ್ಷೆ ಹತ್ರ ಇರೋ ಫ್ರೆಂಡ್‌ಗೆ ಕಳಿಸಿ, ಸೇವ್ ಮಾಡ್ಕೊಳ್ಳಿ 📌 ನೀವು ಅತಿಯಾಗಿ ಬಳಸೋ ಜೋಡಣೆ ಪದ ಯಾವುದು? ಕೆಳಗೆ ಬರೀರಿ.

#ಪದಚರಿತ್ರೆ #ಇಂಗ್ಲಿಷ್‌ಪ್ರಬಂಧ #ಪರೀಕ್ಷೆತಯಾರಿ