ತೋಟದಡಿಯ ಬಂದರು

ಬಾಸ್ಫೊರಸ್ ಜಲಸಂಧಿಯ ತಳದಲ್ಲಿ ಸುರಂಗ ನಿರ್ಮಿಸಿ ಯುರೋಪ್ ಮತ್ತು ಏಷ್ಯಾಗಳನ್ನು ರೈಲಿನಿಂದ ಬೆಸೆಯುವ ಆಲೋಚನೆ ಒಟ್ಟೊಮನ್ ಸುಲ್ತಾನರ ಕಾಲದಷ್ಟು ಹಳೆಯದು. 21ನೆಯ ಶತಮಾನದ ಆರಂಭದಲ್ಲಿ ಅದು ಕೈಗೂಡುವ ಕಾಲ ಬಂದಾಗ ಅಡ್ಡ ಬಂದದ್ದು ಸಮುದ್ರವಲ್ಲ, ಇಸ್ತಾನ್‌ಬುಲ್ ನಗರದ ನೆಲ.

ಕ್ರಿ.ಶ. 330ರಿಂದ ಬೈಜಾಂಟಿಯನ್ನರಿಗೂ, 1453ರಲ್ಲಿ ನಗರ ತುರ್ಕರ ವಶವಾದ ಮೇಲೆ ಒಟ್ಟೊಮನ್ನರಿಗೂ ರಾಜಧಾನಿಯಾಗಿದ್ದ ಊರಿದು. 1923ರಲ್ಲಿ ಆ ಪಟ್ಟ ಅಂಕಾರಕ್ಕೆ ಹೋಯಿತು. ನಗರದ ಯೆನಿಕಾಪಿ ಬಡಾವಣೆಯಲ್ಲಿ ರೈಲು ನಿಲ್ದಾಣಕ್ಕೆಂದು 2004ರಲ್ಲಿ ಉತ್ಖನನ ಆರಂಭವಾದಾಗ ಪ್ರಾಚೀನ ಬಂದರೊಂದು ಬೆಳಕಿಗೆ ಬಂತು. 4ನೆಯ ಶತಮಾನದ ಕೊನೆಯಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಹೆಸರಿನಲ್ಲಿ ನಿರ್ಮಾಣವಾದ ಬಂದರು ಅದು. ಈಜಿಪ್ಟಿನ ಗೋಧಿ ಹೊತ್ತ ಹಡಗುಗಳಿಗೆ ಅದು ನೆಲೆ. 7ನೆಯ ಶತಮಾನದಲ್ಲಿ ಈಜಿಪ್ಟ್ ಅರಬರ ಕೈಸೇರಿತು. ಆ ಮೇಲೂ ಸಣ್ಣ ಹಡಗುಗಳು ಇಲ್ಲಿಗೆ ಬರುತ್ತಿದ್ದವು. ಲೈಕಸ್ ತೊರೆ ತಂದ ಹೂಳು ಬಂದರನ್ನು ಕ್ರಮೇಣ ತುಂಬಿತು. ಮುಂದೆ ಆ ಜಾಗ ತರಕಾರಿ ತೋಟವಾಗಿ, ಅಲ್ಲಿನ ಸೌತೆಕಾಯಿಗೆ ಊರೆಲ್ಲ ಹೆಸರಾಯಿತು.

ಬಂದರನ್ನು ಕೊಂದ ಹೂಳೇ ಹಡಗುಗಳನ್ನು ಕಾಪಾಡಿತು. ಗಾಳಿಯಾಡದ ಒದ್ದೆ ಮಣ್ಣಿನಲ್ಲಿ ಮರ ಕೊಳೆಯುವುದು ಬಹಳ ನಿಧಾನ. ಹೀಗಾಗಿ 5ರಿಂದ 11ನೆಯ ಶತಮಾನದವರೆಗಿನ 37 ಹಡಗುಗಳ ಅವಶೇಷಗಳು ದೊರೆತವು. ಹೆಚ್ಚಿನವು ಸರಕು ಹಡಗುಗಳು. ಕೆಲವು ಹುಟ್ಟು ಹಾಕಿ ನಡೆಸುವ ಯುದ್ಧನೌಕೆಗಳು. ಒಂದರಲ್ಲಿ ಮಣ್ಣಿನ ಹೂಜಿಗಳ ಸರಕಿನ ಜೊತೆಗೆ ಬುಟ್ಟಿಯೊಂದರಲ್ಲಿ ಚೆರ್ರಿ ಹಣ್ಣಿನ ಬೀಜಗಳೂ ಉಳಿದಿದ್ದವು.

ವಿದ್ವಾಂಸರಿಗೆ ಇವುಗಳ ಬೆಲೆ ಇನ್ನೊಂದು ಕಾರಣಕ್ಕೆ ದೊಡ್ಡದು. ಪ್ರಾಚೀನ ಬಡಗಿಗಳು ಮೊದಲು ಹಲಗೆಗಳ ಅಂಚಿಗೆ ಅಂಚು ಜೋಡಿಸಿ ಹಡಗಿನ ಹೊರಮೈ ಕಟ್ಟಿ, ಬಳಿಕ ಒಳಗೆ ಪಕ್ಕೆಲುಬಿನಂಥ ತೊಲೆಗಳನ್ನು ಕೂರಿಸುತ್ತಿದ್ದರು. ಮುಂದೆ ಈ ಕ್ರಮ ತಿರುವುಮುರುವಾಗಿ, ಮೊದಲು ಚೌಕಟ್ಟು, ಆಮೇಲೆ ಹಲಗೆ ಎಂಬ ಪದ್ಧತಿ ಬಂತು. ಶತಮಾನಗಳ ಕಾಲ ನಡೆದ ಆ ಬದಲಾವಣೆಯ ಹಂತಗಳು ಯೆನಿಕಾಪಿಯಲ್ಲಿ ಒಂದೇ ಕಡೆ ಸಿಕ್ಕಿವೆ.

ಬಂದರಿನ ಪದರದ ಕೆಳಗೆ ಮತ್ತೊಂದು ಅಚ್ಚರಿ ಕಾದಿತ್ತು. ಸುಮಾರು 8000 ವರ್ಷ ಹಿಂದಿನ ನವಶಿಲಾಯುಗದ ವಸತಿಯ ಕುರುಹುಗಳು, ಸಮಾಧಿಗಳು, ಕೆಸರಿನಲ್ಲಿ ಮೂಡಿದ ಮನುಷ್ಯರ ಹೆಜ್ಜೆಗುರುತುಗಳು ಕಂಡವು. ಈಗಿನ ಸಮುದ್ರಮಟ್ಟಕ್ಕಿಂತ ಕೆಳಗೆ ಜನ ಬಾಳಿದ್ದರು. ಅಂದು ನೀರಿನ ಮಟ್ಟವೇ ತಗ್ಗಿನಲ್ಲಿತ್ತು. ಕ್ರಿ.ಪೂ. 7ನೆಯ ಶತಮಾನದ ಗ್ರೀಕ್ ವಸಾಹತಿನಿಂದ ಆರಂಭವಾಗುತ್ತಿದ್ದ ಹಳೆಯ ನಗರದ ಕಥೆ ಒಮ್ಮೆಗೇ ಸಾವಿರಾರು ವರ್ಷ ಹಿಂದಕ್ಕೆ ಸರಿಯಿತು.

ಇದಕ್ಕೆ ತೆತ್ತ ಬೆಲೆ ಕಾಲ. ಯೋಜನೆ ಸುಮಾರು ನಾಲ್ಕು ವರ್ಷ ತಡವಾಯಿತು. ಮಡಕೆ-ಕುಡಿಕೆಗಳಿಗಾಗಿ ಕೆಲಸ ನಿಲ್ಲಬೇಕೆ ಎಂಬ ಧಾಟಿಯಲ್ಲಿ ಆಗಿನ ಪ್ರಧಾನಿ ಎರ್ಡೊಗಾನ್ ಬಹಿರಂಗವಾಗಿಯೇ ಅಸಮಾಧಾನ ತೋಡಿಕೊಂಡರು. ಜನದಟ್ಟಣೆಯ ನಗರಕ್ಕೆ ರೈಲು ಬೇಕಿತ್ತೆಂಬುದೂ ನಿಜ. ಆದರೆ ನಿಲ್ದಾಣದ ಕಾಂಕ್ರೀಟು ಬಿದ್ದ ಮೇಲೆ ಆ ಮಣ್ಣನ್ನು ಮತ್ತೆ ಓದುವಂತಿರಲಿಲ್ಲ. ಹೂಳಿನ ಯಾವ ಪದರದಲ್ಲಿ ಯಾವ ಹಲಗೆ ಬಿದ್ದಿತ್ತೆಂಬುದು ಅಗೆಯುವ ಹೊತ್ತಿನಲ್ಲೇ ದಾಖಲಾಗಬೇಕು.

ಸುರಂಗದಲ್ಲಿ ರೈಲು ಸಂಚಾರ 2013ರ ಅಕ್ಟೋಬರ್ 29ರಂದು ಉದ್ಘಾಟನೆಗೊಂಡಿತು. ಬಿಚ್ಚಿ ತೆಗೆದ ಹಡಗಿನ ಮರಗಳ ಕೆಲಸ ಅಲ್ಲಿಗೆ ಮುಗಿಯಲಿಲ್ಲ. ಅವುಗಳ ಉಪ್ಪನ್ನು ತೊಳೆದು, ಒಳಗಿನ ನೀರಿನ ಜಾಗಕ್ಕೆ ಮೇಣದಂಥ ರಾಸಾಯನಿಕ ತುಂಬಿ, ಆ ಮೇಲೆ ಒಣಗಿಸಬೇಕು. ಅವಸರಪಟ್ಟರೆ ಮರ ಸುಕ್ಕುಗಟ್ಟಿ ಸೀಳುತ್ತದೆ. ಸಾವಿರ ವರ್ಷ ಕೆಸರಿನಲ್ಲಿದ್ದ ಹಡಗನ್ನು ಉಳಿಸಲು ಹಲವು ವರ್ಷಗಳೇ ಹಿಡಿಯುತ್ತವೆ.