ಬೂಟ್ ಚಿಪ್ಪಿನೊಳಗೆ ಏನಿರಬೇಕು: ಬೆಂಗಳೂರಿನ ಹೊರವಲಯದ ಒಂದು ಕಸುಬಿನ ಚರಿತ್ರೆ

ಡಿಸ್ಕ್ ಇಲ್ಲದ, ಅಥವಾ ಡಿಸ್ಕ್ ಇನ್ನೂ ಖಾಲಿಯಿರುವ ಕಂಪ್ಯೂಟರಿಗೆ ವಿದ್ಯುತ್ ಕೊಟ್ಟೊಡನೆ ಅದರೊಳಗಿನ ಒಂದು ಪುಟ್ಟ ತಂತ್ರಾಂಶ ಎಚ್ಚರಗೊಳ್ಳುತ್ತದೆ. ನೆಟ್‌ವರ್ಕಿನಲ್ಲಿ ತನಗೊಂದು ವಿಳಾಸ ಕೇಳಿ ಪಡೆದು, ಬೇರೆ ಯಂತ್ರದಿಂದ ಆಪರೇಟಿಂಗ್ ಸಿಸ್ಟಮ್ ತರಿಸಿಕೊಂಡು, ಮುಂದಿನ ಕೆಲಸವನ್ನು ಅದಕ್ಕೆ ಒಪ್ಪಿಸಿ ಸುಮ್ಮನಾಗುತ್ತದೆ. ಇದೇ ನೆಟ್‌ವರ್ಕ್ ಬೂಟ್ ಫರ್ಮ್‌ವೇರ್. ಇದಕ್ಕೆ ಯಾವ ನೆಟ್‌ವರ್ಕ್ ಕಾರ್ಡಿನ ಪರಿಚಯ ಇರಬೇಕು, ಯಾವ ಪ್ರೋಟೋಕಾಲ್ ಬರಬೇಕು, ಯಾವ ಆದೇಶ ತಿಳಿದಿರಬೇಕು ಎಂಬುದರ ಬಹುಪಾಲು ಕಂಪೈಲ್ ಮಾಡುವಾಗಲೇ ತೀರ್ಮಾನವಾಗುತ್ತದೆ. ಆಗ ಕೈಬಿಟ್ಟದ್ದು ಆಮೇಲೆ ಯಾವ ಸೆಟ್ಟಿಂಗ್ ಬದಲಿಸಿದರೂ ದಕ್ಕುವುದಿಲ್ಲ. ಈ ಪದ್ಧತಿ ಹುಟ್ಟಿದ್ದು ಚಿಪ್ಪಿನ ಬಡತನದಲ್ಲಿ. ಚಿಪ್ಪು ಅಗ್ಗವಾದ ಮೇಲೂ ಅದು ಉಳಿದುಕೊಂಡದ್ದಕ್ಕೆ ಕಾರಣ ಬೇರೆ.

ಬೆಂಗಳೂರಿನ ಹೊರವಲಯದಲ್ಲಿ ಈ ಬಗೆಯ ಕೆಲಸ ಅಂತರ್ಜಾಲಕ್ಕಿಂತ ಹಳೆಯದು. 1976ರಲ್ಲಿ ಸ್ಥಾಪನೆಯಾದ ರಾಜ್ಯ ಸರ್ಕಾರದ ಎಲೆಕ್ಟ್ರಾನಿಕ್ಸ್ ಸಂಸ್ಥೆ ಕಿಯೋನಿಕ್ಸ್, ಆರ್.ಕೆ. ಬಾಳಿಗರ ನೇತೃತ್ವದಲ್ಲಿ 1978ರಲ್ಲಿ ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಯನ್ನು ರೂಪಿಸಿದಾಗ ಅಲ್ಲಿ ನಿರೀಕ್ಷಿಸಿದ್ದು ಸಾಫ್ಟ್‌ವೇರ್ ಕಚೇರಿಗಳನ್ನಲ್ಲ, ಬೋರ್ಡು ಜೋಡಿಸುವ ಕಾರ್ಖಾನೆಗಳನ್ನು. ಇನ್ನೊಂದು ದಿಕ್ಕಿನಲ್ಲಿ, ಹಳೆ ಮದರಾಸು ರಸ್ತೆಯ ದೂರವಾಣಿನಗರದಲ್ಲಿ, 1948ರಿಂದಲೇ ದೂರವಾಣಿ ಉಪಕರಣ ತಯಾರಿಸುವ ಸರ್ಕಾರಿ ಸಂಸ್ಥೆ ಐಟಿಐ ಇತ್ತು. 1984ರಲ್ಲಿ ಹುಟ್ಟಿದ ಸರ್ಕಾರಿ ದೂರಸಂಪರ್ಕ ಸಂಶೋಧನಾ ಕೇಂದ್ರ ಸಿ-ಡಾಟ್ ವಿನ್ಯಾಸಗೊಳಿಸಿದ ಡಿಜಿಟಲ್ ಎಕ್ಸ್‌ಚೇಂಜುಗಳನ್ನು ತಯಾರಿಸಿದ ಸಂಸ್ಥೆಗಳಲ್ಲಿ ಐಟಿಐ ಕೂಡ ಒಂದು. ಸಿ-ಡಾಟ್‌ನ ದೊಡ್ಡ ಎಕ್ಸ್‌ಚೇಂಜಿನಲ್ಲಿ ಯುನಿಕ್ಸ್ ಓಡಿಸುವ ಒಂದು ಕಂಪ್ಯೂಟರ್ ಇರುತ್ತಿತ್ತು. ಎಕ್ಸ್‌ಚೇಂಜ್ ಚಾಲೂ ಆಗುವಾಗ ಉಳಿದ ಮಾಡ್ಯೂಲುಗಳ ಪ್ರೊಸೆಸರುಗಳಿಗೆ ಕೋಡ್ ಇಳಿಸಿಕೊಡುವುದು ಅದರ ಹೊಣೆಗಳಲ್ಲೊಂದು. ಇದಕ್ಕೆ ನೆಟ್‌ವರ್ಕ್ ಬೂಟ್ ಎಂಬ ಹೆಸರು ಯಾರೂ ಇಟ್ಟಿರಲಿಲ್ಲ. ಆದರೆ ನಡೆಯುತ್ತಿದ್ದುದು ಅದೇ.

ಹೊರಜಗತ್ತಿನಲ್ಲಿ ಇದಕ್ಕೊಂದು ಸಾಮಾನ್ಯ ಭಾಷೆ ಅದೇ ದಶಕದಲ್ಲಿ ಸಿದ್ಧವಾಯಿತು. ಕಡತ ಸಾಗಿಸುವ ಸರಳ ಪ್ರೋಟೋಕಾಲ್ ಟಿಎಫ್‌ಟಿಪಿ 1981ರಲ್ಲಿ, ವಿಳಾಸ ಕೇಳುವ ಬೂಟ್‌ಪಿ 1985ರಲ್ಲಿ ದಾಖಲಾದವು. ಟಿಎಫ್‌ಟಿಪಿ 512 ಬೈಟಿನ ಒಂದೊಂದು ತುಂಡು ಕಳಿಸಿ, ತಲುಪಿತೆಂಬ ಉತ್ತರ ಬರುವ ತನಕ ಕಾಯುತ್ತದೆ. ನಿಧಾನವೇ ಸರಿ. ಆದರೆ ಅದನ್ನು ಬರೆಯಲು ಬೇಕಾದ ಕೋಡ್ ತೀರ ಕಡಿಮೆ, ಹಾಗಾಗಿ ಅಂದಿನ ಚಿಪ್ಪುಗಳಲ್ಲಿ ಹಿಡಿಸುತ್ತಿತ್ತು. ನಾಲ್ಕು ದಶಕ ಕಳೆದರೂ ಅದು ಸತ್ತಿಲ್ಲದಿರುವುದಕ್ಕೆ ಈ ಬಡತನದ ನೆನಪೇ ಕಾರಣ.

ಅಂದಿನ ಮಾಧ್ಯಮ ಈಪ್ರಾಮ್. ಬೆನ್ನಿನ ಮೇಲೆ ಸ್ಫಟಿಕದ ಕಿಟಕಿಯಿರುವ ಈ ಚಿಪ್ಪಿಗೆ ಅತಿನೇರಳೆ ದೀಪ ತೋರಿಸಿ ಅಳಿಸಬೇಕು, ಪ್ರೋಗ್ರಾಮರ್ ಯಂತ್ರದಲ್ಲಿಟ್ಟು ಬರ್ನ್ ಮಾಡಬೇಕು, ಕಿಟಕಿಗೆ ಆವೃತ್ತಿಯ ಸಂಖ್ಯೆ ಬರೆದ ಚೀಟಿ ಅಂಟಿಸಬೇಕು. ಒಂದು ಸಣ್ಣ ತಪ್ಪಿಗೆ ಇಡೀ ಸುತ್ತು ಮತ್ತೆ. ಎಲೆಕ್ಟ್ರಾನಿಕ್ ಸಿಟಿಯ ವಿಎಕ್ಸ್‌ಎಲ್ ಇನ್‌ಸ್ಟ್ರುಮೆಂಟ್ಸ್ ಮೊದಲು ಟರ್ಮಿನಲ್‌ಗಳನ್ನೂ ಆಮೇಲೆ ಐಟೋನಾ ಹೆಸರಿನ ಥಿನ್ ಕ್ಲೈಂಟ್‌ಗಳನ್ನೂ ತಯಾರಿಸಿತು. ಟರ್ಮಿನಲ್ಲಿಗೆ ಬೇಕಾದುದೆಲ್ಲ ಅದರ ಚಿಪ್ಪಿನಲ್ಲೇ ಇರುತ್ತಿತ್ತು, ಥಿನ್ ಕ್ಲೈಂಟ್ ತನ್ನ ಕೆಲಸವನ್ನು ದೂರದ ಸರ್ವರಿನಿಂದ ಮಾಡಿಸಿಕೊಳ್ಳುತ್ತದೆ. ಯಂತ್ರದೊಳಗೆ ಎಷ್ಟು ಇರಬೇಕು, ತಂತಿಯ ಆಚೆ ಎಷ್ಟು ಎಂಬ ಲೆಕ್ಕ ಬದಲಾದದ್ದು ಈ ಎರಡು ಸರಕುಗಳ ನಡುವೆ ಕಾಣುತ್ತದೆ.

ಈ ಲೆಕ್ಕ ತಯಾರಕರ ಕೈಯಿಂದ ಬಳಕೆದಾರರ ಕೈಗೆ ಬಂದದ್ದು ಈಥರ್‌ಬೂಟ್‌ನಿಂದ. 1990ರ ದಶಕದ ನಡುವಿನಲ್ಲಿ ಮಾರ್ಕಸ್ ಗುಚ್ಕೆ ಆರಂಭಿಸಿ ಕೆನ್ ಯಾಪ್ ಬೆಳೆಸಿದ ಈ ಮುಕ್ತ ತಂತ್ರಾಂಶಕ್ಕೆ ಬೇಕಾಗಿದ್ದುದು ಅಗ್ಗದ ಕಾರ್ಡು. ಎನ್‌ಇ2000, ರಿಯಲ್‌ಟೆಕ್ 8139 ಮಾದರಿಯ ಕಾರ್ಡುಗಳಲ್ಲಿ ಬೂಟ್ ಚಿಪ್ಪಿಗೆಂದು ಒಂದು ಖಾಲಿ ಸಾಕೆಟ್ ಇರುತ್ತಿತ್ತು. ಬಹುತೇಕ ಕಾರ್ಡುಗಳಲ್ಲಿ ಅದು ಕೊನೆತನಕ ಖಾಲಿಯೇ. ಅದರಲ್ಲಿ ಕೂರಿಸುವ ಈಪ್ರಾಮಿನ ಜಾಗ 16 ಅಥವಾ 32 ಕಿಲೋಬೈಟ್. ಹಾಗಾಗಿ ಒಂದು ಕಾರ್ಡಿಗೆ ಒಂದೇ ಡ್ರೈವರ್ ಸೇರಿಸಿ, ಕಂಪ್ರೆಸ್ ಮಾಡಿ ಕಂಪೈಲ್ ಮಾಡಬೇಕಿತ್ತು. ಬೂಟ್‌ಪಿಯ ಮುಂದುವರಿದ ರೂಪವಾದ ಡಿಎಚ್‌ಸಿಪಿ ಬಿಟ್ಟು ಬರೀ ಬೂಟ್‌ಪಿ ಸಾಕು ಎನ್ನುವವರಿಗೆ ಅದಕ್ಕೊಂದು ಆಯ್ಕೆ ಇತ್ತು, ಅದರಿಂದ ಕೆಲವು ಬೈಟು ಉಳಿಯುತ್ತಿತ್ತು. ಹೀಗೆ ತಯಾರಾದುದನ್ನು ಮೊದಲು ಫ್ಲಾಪಿಯಲ್ಲಿ ಹಾಕಿ ಪರೀಕ್ಷಿಸಿ, ಸರಿಬಂದರೆ ಮಾತ್ರ ಚಿಪ್ಪಿಗೆ ಇಳಿಸುವುದು ವಾಡಿಕೆ. ಕಂಪೈಲರ್ ಮುಟ್ಟಲು ಹಿಂಜರಿಯುವವರಿಗೆ ರಾಮ್-ಓ-ಮ್ಯಾಟಿಕ್ ಎಂಬ ತಾಣ ಕಾರ್ಡಿನ ಹೆಸರು ಕೇಳಿ ಸಿದ್ಧ ಕಡತ ಕೊಡುತ್ತಿತ್ತು.

1999ರಲ್ಲಿ ಜಿಮ್ ಮೆಕ್‌ಕ್ವಿಲನ್ ಆರಂಭಿಸಿದ ಲಿನಕ್ಸ್ ಟರ್ಮಿನಲ್ ಸರ್ವರ್ ಯೋಜನೆ, ಹಳೆಯ ಡಿಸ್ಕ್‌ರಹಿತ ಪಿಸಿಗಳನ್ನು ಇದೇ ಈಥರ್‌ಬೂಟ್ ಆಧಾರದ ಮೇಲೆ ಬಳಕೆಗೆ ತಂದಿತು. ಬೆಂಗಳೂರಿನಲ್ಲಿ 2001ರಿಂದ ನಡೆದ ಲಿನಕ್ಸ್ ಬೆಂಗಳೂರು ಸಮ್ಮೇಳನ ಮತ್ತು 2005ರಿಂದ ಅದರ ಮುಂದುವರಿಕೆಯಾದ ಫಾಸ್.ಇನ್, ಇಂಥ ತಂತ್ರಾಂಶಗಳನ್ನು ಬಳಸುವ, ಬರೆಯುವ ಎಂಜಿನಿಯರುಗಳನ್ನು ಒಂದೆಡೆ ಸೇರಿಸಿದವು.

ಅಷ್ಟರಲ್ಲಿ ಇಂಟೆಲ್ ಬೇರೆ ದಾರಿ ಹಿಡಿದಿತ್ತು. 1999ರ ಪಿಎಕ್ಸ್‌ಇ 2.1 ನಿರ್ದಿಷ್ಟತೆಯ ನಂತರ ಬೂಟ್ ಕೋಡ್ ಕಾರ್ಡಿನೊಡನೆಯೇ ಬರತೊಡಗಿತು. ಎಂಜಿನಿಯರುಗಳ ಬಾಯಲ್ಲಿ ಅದು ‘ಪಿಕ್ಸಿ’. ಕಂಪೈಲ್ ಮಾಡುವ, ಬರ್ನ್ ಮಾಡುವ ಗೋಜು ತಪ್ಪಿತು, ಜತೆಗೆ ಆಯ್ಕೆಯೂ ತಪ್ಪಿತು. ಪಿಎಕ್ಸ್‌ಇಗೆ ಗೊತ್ತಿದ್ದುದು ಡಿಎಚ್‌ಸಿಪಿ ಮತ್ತು ಟಿಎಫ್‌ಟಿಪಿ. ಸರ್ವರ್ ಉತ್ತರಿಸದಿದ್ದರೆ ಸ್ವಲ್ಪ ಹೊತ್ತು ಪ್ರಯತ್ನಿಸಿ ಕೈಚೆಲ್ಲುವುದು ಅದರ ಸ್ವಭಾವ. ವಿದ್ಯುತ್ ಕಡಿತ ಮಾಮೂಲಾಗಿದ್ದ ಹೊರವಲಯದಲ್ಲಿ ಇದು ಸಣ್ಣ ತೊಂದರೆಯಲ್ಲ. ಕರೆಂಟ್ ಬಂದಾಗ ಎಲ್ಲ ಯಂತ್ರಗಳೂ ಒಟ್ಟಿಗೆ ಎದ್ದು ವಿಳಾಸ ಕೇಳುತ್ತವೆ, ಆದರೆ ಕೊಡಬೇಕಾದ ಸರ್ವರ್ ಅವುಗಳಿಗಿಂತ ತಡವಾಗಿ ಏಳುತ್ತದೆ. 1998ರಲ್ಲಿ ತೆರೆದ ವೈಟ್‌ಫೀಲ್ಡಿನ ತಂತ್ರಜ್ಞಾನ ಪಾರ್ಕ್ ಐಟಿಪಿಎಲ್ ತನ್ನದೇ ವಿದ್ಯುತ್ ಸ್ಥಾವರ ಇಟ್ಟುಕೊಂಡದ್ದು ಸುಮ್ಮನೆ ಅಲ್ಲ.

ಈಥರ್‌ಬೂಟ್ ಮುಂದೆ ಜಿಪಿಎಕ್ಸ್‌ಇ ಆಯಿತು. 2010ರಲ್ಲಿ ಮೈಕೆಲ್ ಬ್ರೌನ್ ನೇತೃತ್ವದಲ್ಲಿ ಕವಲೊಡೆದು ಐಪಿಎಕ್ಸ್‌ಇ ಆಯಿತು. ಈ ಕಸುಬಿನ ಇಂದಿನ ರೂಪ ಇರುವುದು ಇಲ್ಲಿ. ಇದರ ಮೂಲ ಕೋಡಿನಲ್ಲಿ ‘ಕಾನ್ಫಿಗ್’ ಎಂಬ ಫೋಲ್ಡರ್ ಇದೆ. ಅದರ ‘ಜನರಲ್.ಎಚ್’ ಕಡತದಲ್ಲಿ ಒಂದೊಂದು ಸೌಲಭ್ಯಕ್ಕೆ ಒಂದೊಂದು ಸಾಲು: ‘ಡಿಫೈನ್’ ಎಂದರೆ ಇದೆ, ‘ಅನ್‌ಡೆಫ್’ ಎಂದರೆ ಇಲ್ಲ. ಎಚ್‌ಟಿಟಿಪಿ ತಾನಾಗಿಯೇ ಸೇರಿದೆ. ಎಚ್‌ಟಿಟಿಪಿಎಸ್ ಬಹುಕಾಲ ಹೊರಗಿತ್ತು, ಏಕೆಂದರೆ ಗೂಢಲಿಪಿಯ ಕೋಡ್ ಗಾತ್ರವನ್ನು ಏರಿಸುತ್ತದೆ. ಪಿಂಗ್, ಎನ್‌ಎಸ್‌ಲುಕಪ್, ಎನ್‌ಎಫ್‌ಎಸ್ ಬೇಕಿದ್ದವರು ಆಯಾ ಸಾಲನ್ನು ತಿದ್ದಿ ಮತ್ತೆ ಕಂಪೈಲ್ ಮಾಡುತ್ತಿದ್ದರು. ‘ಕನ್ಸೋಲ್.ಎಚ್’ ಎಂಬ ಇನ್ನೊಂದು ಕಡತದಲ್ಲಿ ಸೀರಿಯಲ್ ಪೋರ್ಟಿನ ಆಯ್ಕೆಯಿದೆ. ಪರದೆಯೇ ಇಲ್ಲದ ರ‍್ಯಾಕ್ ಸರ್ವರುಗಳಲ್ಲಿ ಇದನ್ನು ಮರೆತರೆ ಬೂಟ್ ಎಲ್ಲಿ ನಿಂತಿತೆಂದು ತಿಳಿಯುವುದು ಕಷ್ಟ.

ಮೂಲ ಕಡತವನ್ನೇ ನೇರವಾಗಿ ತಿದ್ದುವುದು ಮೊದಲಿನ ರೂಢಿ. ಹೊಸ ಆವೃತ್ತಿ ತಂದಾಗಲೆಲ್ಲ ಹಳೆಯ ತಿದ್ದುಪಡಿ ಅದರೊಡನೆ ಜಗಳವಾಡುತ್ತಿತ್ತು. ಅದಕ್ಕಾಗಿ ‘ಲೋಕಲ್’ ಎಂಬ ಉಪಫೋಲ್ಡರ್ ಬಂತು. ಸಂಸ್ಥೆಯ ಸ್ವಂತ ಆಯ್ಕೆಗಳು ಅಲ್ಲಿ, ಮೂಲ ಮಾತ್ರ ಅಸ್ಪೃಷ್ಟ. ಸಣ್ಣ ವ್ಯವಸ್ಥೆ, ಆದರೆ ಹತ್ತಾರು ತಂಡಗಳು ಒಂದೇ ಲ್ಯಾಬ್ ಹಂಚಿಕೊಳ್ಳುವ ಕಡೆ ಇದಕ್ಕಿಂತ ದೊಡ್ಡ ಉಪಕಾರ ಇನ್ನೊಂದಿಲ್ಲ.

ಹೆಚ್ಚು ಕಾಡುವ ತೊಡಕು ಸುತ್ತಿನದು. ಕಾರ್ಡಿನ ಪಿಎಕ್ಸ್‌ಇ ಡಿಎಚ್‌ಸಿಪಿ ಸರ್ವರನ್ನು ಕೇಳಿ ಐಪಿಎಕ್ಸ್‌ಇ ಕಡತ ತರಿಸಿಕೊಳ್ಳುತ್ತದೆ. ಎಚ್ಚೆತ್ತ ಐಪಿಎಕ್ಸ್‌ಇ ಅದೇ ಸರ್ವರನ್ನು ಮತ್ತೆ ಕೇಳುತ್ತದೆ, ಉತ್ತರವಾಗಿ ಮತ್ತೆ ಐಪಿಎಕ್ಸ್‌ಇ ಕಡತವೇ ಬರುತ್ತದೆ. ಯಂತ್ರ ರಾತ್ರಿಯಿಡೀ ತನ್ನನ್ನೇ ತರಿಸಿಕೊಳ್ಳುತ್ತಿರುತ್ತದೆ. ಕೇಳಿದವರು ಯಾರೆಂದು ನೋಡಿ ಬೇರೆ ಉತ್ತರ ಕೊಡುವಂತೆ ಡಿಎಚ್‌ಸಿಪಿ ಸರ್ವರನ್ನು ಹೊಂದಿಸುವುದು ಒಂದು ಪರಿಹಾರ. ಆ ಸರ್ವರ್ ಬೇರೆ ವಿಭಾಗದ ಕೈಯಲ್ಲಿದ್ದರೆ ಎರಡನೆಯ ಪರಿಹಾರವೇ ಗತಿ: ಕಂಪೈಲ್ ಮಾಡುವಾಗ ಒಂದು ಚಿಕ್ಕ ಸ್ಕ್ರಿಪ್ಟನ್ನು ಒಳಗೇ ಹುದುಗಿಸುವುದು. ಎಲ್ಲಿಗೆ ಹೋಗಬೇಕು, ಉತ್ತರ ಬಾರದಿದ್ದರೆ ಎಷ್ಟು ಸಲ ಕೇಳಬೇಕು ಎಂಬುದೆಲ್ಲ ಅದರಲ್ಲಿರುತ್ತದೆ. ಕರೆಂಟ್ ಹೋಗಿಬಂದಾಗಿನ ತೊಂದರೆಗೂ ಮದ್ದು ಇದೇ.

ಬೇಕಾದುದನ್ನು ಕಂಪೈಲ್ ಮಾಡುವಾಗಲೇ ಆಯ್ದುಕೊಳ್ಳುವ ಈ ಕ್ರಮಕ್ಕೆ ತದ್ವಿರುದ್ಧ ಪದ್ಧತಿ ಪೀಣ್ಯದ ಕಾರ್ಖಾನೆಗಳಲ್ಲಿ ಕಾಣಸಿಗುತ್ತದೆ. ಸಿಎನ್‌ಸಿ ಯಂತ್ರಗಳ ಅನೇಕ ನಿಯಂತ್ರಕಗಳಲ್ಲಿ ಸೌಲಭ್ಯಗಳೆಲ್ಲ ಮೊದಲೇ ತುಂಬಿರುತ್ತವೆ. ಹಣ ಕೊಟ್ಟವರಿಗೆ ತಯಾರಕರು ಪ್ಯಾರಾಮೀಟರ್ ತೆರೆದುಕೊಡುತ್ತಾರೆ. ಅಲ್ಲಿ ಕೋಡ್ ಇದ್ದೂ ಬೀಗ ಬಿದ್ದಿರುತ್ತದೆ. ಬೂಟ್ ಫರ್ಮ್‌ವೇರಿನಲ್ಲಿ ಬೇಡವೆಂದದ್ದು ಒಳಗೆ ಇರುವುದೇ ಇಲ್ಲ. ಮಾರುವವರಿಗೆ ಮೊದಲನೆಯದು ಲಾಭ, ನಡೆಸುವವರಿಗೆ ಎರಡನೆಯದು ನಿಶ್ಚಿಂತೆ.

ಚಿಪ್ಪಿನ ಬಡತನ ಪೂರ್ತಿ ಹೋಗಿದೆ ಎನ್ನುವಂತೆಯೂ ಇಲ್ಲ. 1985ರಲ್ಲಿ ಬೆಂಗಳೂರಿಗೆ ಬಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಎಎಂ335ಎಕ್ಸ್ ಪ್ರೊಸೆಸರ್ 2011ರ ಬೀಗಲ್‌ಬೋನ್ ಬೋರ್ಡಿನಲ್ಲಿದೆ. ಅದು ತಾನಾಗಿ ಬೂಟ್‌ಪಿ, ಟಿಎಫ್‌ಟಿಪಿ ಮೂಲಕ ಕೋಡ್ ತರಿಸಿಕೊಳ್ಳಬಲ್ಲದು. ಆದರೆ ಮೊದಲ ಕಂತು 109 ಕಿಲೋಬೈಟಿನೊಳಗೆ ಇರಬೇಕು. ಅಲ್ಲಿ ಬಳಕೆಯಾಗುವ ಯು-ಬೂಟ್ ಎಂಬ ಬೂಟ್ ತಂತ್ರಾಂಶದಲ್ಲಿ ಬೋರ್ಡಿಗೊಂದು ಹೆಡರ್ ಕಡತ ಬರೆಯುವ ಹಳೆಯ ಕ್ರಮವನ್ನು 2014ರಿಂದ ಲಿನಕ್ಸ್ ಮಾದರಿಯ ಕೆಕಾನ್ಫಿಗ್ ಮೆನು ಮೆಲ್ಲಮೆಲ್ಲನೆ ಬದಲಿಸಿತು. ಆ ಮೊದಲ ಕಂತಿನಲ್ಲಿ ಈಥರ್‌ನೆಟ್ ಬೇಕೋ ಬೇಡವೋ ಎಂಬ ಪ್ರಶ್ನೆ ಈಗಲೂ ಬೈಟಿನ ಲೆಕ್ಕದ್ದೇ.

ಸರ್ವರುಗಳಲ್ಲಿ ಮಾತ್ರ ಪ್ರಶ್ನೆ ಗಾತ್ರದಿಂದ ನಂಬಿಕೆಗೆ ಸರಿದಿದೆ. 2015ರ ಯುಇಎಫ್‌ಐ 2.5 ನಿರ್ದಿಷ್ಟತೆ ಎಚ್‌ಟಿಟಿಪಿ ಬೂಟ್ ಅನ್ನು ಮದರ್‌ಬೋರ್ಡಿನ ಫರ್ಮ್‌ವೇರಿಗೇ ತಂದಿತು. ಐಪಿಎಕ್ಸ್‌ಇಯಲ್ಲಿ ಯಾವ ಪ್ರಮಾಣಪತ್ರವನ್ನು ನಂಬಬೇಕೆಂಬುದನ್ನು ಕಂಪೈಲ್ ಮಾಡುವಾಗಲೇ ಒಳಗೆ ಕೂರಿಸಬಹುದು. ಬೇಡದ ಪ್ರೋಟೋಕಾಲ್ ಕಿತ್ತುಹಾಕಿದಷ್ಟೂ ದಾಳಿಗೆ ಸಿಗುವ ಜಾಗ ಕಡಿಮೆ. ಆದರೆ ಒಂದು ಸಾಲು ಬದಲಿಸಿದರೂ ಹುಟ್ಟುವುದು ಬೇರೆಯೇ ಕಡತ. ಸೆಕ್ಯೂರ್ ಬೂಟ್ ಚಾಲೂ ಇರುವ ಯಂತ್ರದಲ್ಲಿ ಅದು ಓಡಬೇಕಾದರೆ ಹೊಸದಾಗಿ ಸಹಿ ಬೀಳಬೇಕು, ಆ ಸಹಿಯನ್ನು ಗುರುತಿಸುವ ಕೀಲಿ ಯಂತ್ರದಲ್ಲಿ ಮೊದಲೇ ದಾಖಲಾಗಿರಬೇಕು.